ಅಕ್ಷರದ ಮೇಲೆ ಚಪ್ಪರದ ಗೂಟ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ, ಗುಡಿಯ ಮೆಟ್ಟಿಲಿನ ಹತ್ತಿರ ಒಂದು ಹಾಸುಬಂಡೆ ಇದೆ. ಅದರ ಮೇಲೆ ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನ ಇದೆ. ಆದರೆ ಜನ ಅದನ್ನ ಶಾಸನ ಅಂತ ಕರೀಲಿಲ್ಲ, ಬಳೆಗಾರ ಗುಂಡು ಅಂದರು. ಜಾತ್ರೆ ಬಂದಾಗ ಬಳೆ ಮಾರೋರು ಆ ಬಂಡೆಯ ಮೇಲೇ ಅಂಗಡಿ ಹಾಕ್ತಿದ್ದರು. ಚಪ್ಪರ ನಿಲ್ಲಿಸೋಕೆ ಬಂಡೆಗೆ ತೂತು ಕೊರೆದು ಗೂಟ ನೆಟ್ಟರು. ಭಕ್ತರು ತುಳಿದು ನಡೆದರು, ಮಳೆ ಬಿಸಿಲು ತಮ್ಮ ಕೆಲಸ ಮಾಡಿದವು. 1892ರಲ್ಲಿ ಬಿ.ಎಲ್. ರೈಸ್ ಇಲ್ಲೂ, ಪಕ್ಕದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಈ ಶಾಸನಗಳನ್ನ ಪತ್ತೆ ಮಾಡಿದಾಗ, ಮೂರರಲ್ಲಿ ತೀರಾ ಸವೆದು ಹೋಗಿದ್ದದ್ದು ಈ ಜಟಿಂಗ ರಾಮೇಶ್ವರದ್ದೇ.

ಬಳೆಗಾರರನ್ನ ಬೈಯೋ ಹಾಗಿಲ್ಲ. ಅದು ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅವರಿಗೂ ಓದೋಕೆ ಬರ್ತಿರಲಿಲ್ಲ, ಅವರ ಹತ್ರ ಬಳೆ ತೊಡಿಸಿಕೊಂಡವರಿಗೂ ಬರ್ತಿರಲಿಲ್ಲ. ಹೊಟ್ಟೆಪಾಡಿಗೆ ಸಮತಟ್ಟು ಜಾಗ ಹುಡುಕಿದರು, ಸಿಕ್ಕಿತು, ಕೂತರು. ಅಷ್ಟೇ.

ಆ ಬಂಡೆಯಲ್ಲಿ ಏನಿತ್ತು? ಉಳಿದ ಕಡೆಯ ಪಾಠಗಳ ಜೊತೆ ಹೋಲಿಸಿ ನೋಡಿದರೆ ಅದರ ಒಂದು ಮಾತು ಇದು: ಈ ಫಲ ದೊಡ್ಡವರಿಗೆ ಮಾತ್ರ ಸಿಗೋದಲ್ಲ, ಮನಸ್ಸಿಟ್ಟು ಶ್ರಮಿಸಿದರೆ ಸಣ್ಣವನಿಗೂ ಸ್ವರ್ಗ ಸಿಗುತ್ತೆ. ತಂದೆತಾಯಿ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಅನ್ನೋದೂ ಅದರಲ್ಲಿದೆ. ಸಣ್ಣವರಿಗೂ ಇದೆ ಅಂತ ಚಕ್ರವರ್ತಿ ಕೊರೆಸಿದ ಮಾತಿನ ಮೇಲೆ ನಾವು ಅಂಗಡಿ ಹಾಕಿದ್ದೆವು.

ನಾನು ಇದನ್ನ ಹೇಳ್ತಿರೋದು ಇತಿಹಾಸದ ಪಾಠ ಮಾಡೋಕಲ್ಲ. ಕ್ರೈಸ್ತ ಸಭೆಯ ಬಗ್ಗೆ ಹೇಳೋಕೆ. ಅಶೋಕ ಬೌದ್ಧ, ಅವನನ್ನ ತಂದು ನಮ್ಮವನು ಅಂತ ಹೇಳಿಕೊಳ್ಳೋ ಚಪಲ ನನಗಿಲ್ಲ. ಆದರೆ ಶಾಸನ ಹುಡುಕಿದ ರೈಸ್ ಯಾರ ಮಗ ಗೊತ್ತಾ? ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಕೆಲಸ ಮಾಡಿದ, ಕನ್ನಡ ಬೈಬಲ್ಲಿನ ಪರಿಷ್ಕರಣೆಯಲ್ಲಿ ಕೈಜೋಡಿಸಿದ ರೆವರೆಂಡ್ ಬೆಂಜಮಿನ್ ರೈಸರ ಮಗ. ಅಪ್ಪ ಒಂದು ಪುಸ್ತಕವನ್ನ ಕನ್ನಡದವರು ಓದೋ ಹಾಗೆ ಮಾಡೋಕೆ ದುಡಿದ, ಮಗ ಒಂದು ಬಂಡೆಯನ್ನ. ಈ ಬೆಟ್ಟದಿಂದ ಬಳ್ಳಾರಿ ಏನು ದೂರ? ಅಲ್ಲಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್, ಆಮೇಲೆ ಜೊತೆಯಾದ ವಿಲಿಯಂ ರೀವ್, ಇವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಅಂದರೆ ಹತ್ತಿರ ಹತ್ತಿರ ಇನ್ನೂರು ವರ್ಷದಿಂದ ನಮಗೆ ಓದೋಕೆ ಬರುತ್ತೆ. ಬಳೆಗಾರರಿಗಿದ್ದ ನೆಪ ನಮಗಿಲ್ಲ. ನಾವು ಓದಿ, ಅರ್ಥ ಮಾಡಿಕೊಂಡು, ಬಾಯಿಪಾಠ ಮಾಡಿ, ಆಮೇಲೆ ಅದರ ಮೇಲೆ ಗೂಟ ಹೊಡೆದವರು.

ಯಾವ ಯಾವ ಗೂಟ ಅಂತ ಹೇಳ್ತೀನಿ. ಕೋಪ ಬರಬಹುದು. ಬರಲಿ.

ಮೊದಲನೇ ಗೂಟ ಜಾತಿ.

ಯೇಸುವನ್ನ ಹಿಂಬಾಲಿಸೋದು ಅಂದರೆ ಏನು ಅಂತ ಸಂಡೇ ಸ್ಕೂಲ್ ಮಗುವನ್ನ ಕೇಳಿ. ಎಲ್ಲರೂ ಒಂದೇ ತಂದೆಯ ಮಕ್ಕಳು ಅನ್ನುತ್ತೆ. ಅದೇ ಮಗುವಿನ ಅಕ್ಕನಿಗೆ ಗಂಡು ಹುಡುಕುವಾಗ ಅಪ್ಪ ಅಮ್ಮ ಮೊದಲು ಕೇಳೋ ಪ್ರಶ್ನೆ ಏನು? "ಅವರು ಮೊದಲು ಯಾರು?" ಈ 'ಮೊದಲು' ಅನ್ನೋ ಪದ ನಮ್ಮಲ್ಲಿ ಮೂರು ತಲೆಮಾರಾದರೂ ಮುಗಿಯೋದಿಲ್ಲ. ಕರಾವಳಿಯ ಕಥೋಲಿಕರಲ್ಲಿ ನಾನ್ನೂರು ಐನೂರು ವರ್ಷದ ಕ್ರೈಸ್ತತನ ಇದೆ, ಆದರೂ ಬಾಮೊಣ್, ಚಾರೊಡಿ, ಶೂದಿರ್ ಅನ್ನೋ ಲೆಕ್ಕ ಮದುವೆ ಮಾತುಕತೆಯಲ್ಲಿ ಇನ್ನೂ ಇಣುಕುತ್ತೆ. ತಮಿಳುನಾಡಿನ ತಿರುಚಿನಾಪಳ್ಳಿಯಲ್ಲಿ ಸ್ಮಶಾನದ ನಡುವೆ ಗೋಡೆ ಕಟ್ಟಿ ದಲಿತ ಕ್ರೈಸ್ತರ ಹೆಣವನ್ನ ಬೇರೆ ಮಾಡಿದ್ದು ಗುಟ್ಟೇನಲ್ಲ. ಸತ್ತವರು ಎದ್ದು ಬರ್ತಾರೆ ಅಂತ ನಂಬೋರು ನಾವು. ಎದ್ದು ಬಂದಾಗ ಅವರಿಗೆ ಮೊದಲು ಕಾಣೋದು ಆ ಗೋಡೆ.

ಇದೆಲ್ಲ ಹೊರಗಿನವರ ಅಪಪ್ರಚಾರ ಅನ್ನೋರಿಗೆ ಒಂದು ಮಾತು. ಭಾರತದ ಕಥೋಲಿಕ ಬಿಷಪ್ಪರ ಮಂಡಳಿಯೇ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ಬಗ್ಗೆ ಒಂದು ನೀತಿ ಹೊರಡಿಸಿ, ಸಭೆಯೊಳಗೆ ಅಸ್ಪೃಶ್ಯತೆ, ತಾರತಮ್ಯ ಇದೆ ಅಂತ ಒಪ್ಪಿಕೊಂಡಿತು. ಒಪ್ಪಿಕೊಂಡದ್ದಕ್ಕೆ ಗೌರವ ಕೊಡೋಣ. ಆದರೆ ಆ ಕಾಗದ ಎಷ್ಟು ಗುಡಿಗಳ ಪೀಠದಿಂದ ಓದಿಸಿಕೊಂಡಿತು? ನಿಮ್ಮ ಚರ್ಚಿನಲ್ಲಿ ಓದಿದ್ದು ನೆನಪಿದೆಯಾ?

ಇನ್ನು ಸರ್ಕಾರದ ಕಡೆಯ ಅನ್ಯಾಯ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರು, ಮುಸಲ್ಮಾನರು ಹೊರಗೇ ಉಳಿದರು. 2022ರಲ್ಲಿ ಈ ವಿಚಾರ ನೋಡೋಕೆ ಮಾಜಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ಬಂತು. ನಮ್ಮ ರಾಜ್ಯದಲ್ಲಿ ಇವರನ್ನ ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಹಾಕಿದ್ದಾರೆ. ಇದನ್ನ ಸರಿಪಡಿಸಿ ಅಂತ ನಮ್ಮ ಸಭೆಗಳು ಮೆರವಣಿಗೆ ಮಾಡ್ತವೆ, ಮನವಿ ಕೊಡ್ತವೆ. ಕೊಡಲೇಬೇಕು. ಆದರೆ ಡಿ.ಸಿ. ಆಫೀಸಿನ ಮುಂದೆ ನಿಂತು "ನಮ್ಮಲ್ಲೂ ಜಾತಿಯ ನೋವು ಇದೆ, ನಮಗೂ ಮೀಸಲಾತಿ ಕೊಡಿ" ಅನ್ನೋ ಬಾಯಲ್ಲೇ ಭಾನುವಾರ "ನಮ್ಮಲ್ಲಿ ಜಾತಿ ಇಲ್ಲ, ಸ್ತೋತ್ರ" ಅಂತೀವಿ. ಒಂದು ಬಾಯಿ ನಿಜ ಹೇಳ್ತಿದೆ. ಯಾವುದು ಅಂತ ಪಾಸ್ಟರು ಹೇಳಲಿ.

ಹಾಗಂತ ಇದು ಆಗದ ಕೆಲಸ ಏನಲ್ಲ, ನಮ್ಮ ನಾಡಿನಲ್ಲೇ ಆಗಿದೆ. ಬಾಸೆಲ್ ಮಿಷನ್ನಿನವರು 1830ರ ದಶಕದಲ್ಲಿ ಮಂಗಳೂರಿಗೆ ಬಂದವರು, ದೀಕ್ಷಾಸ್ನಾನ ತಗೊಳ್ಳೋನು ಜಾತಿ ಬಿಟ್ಟೇ ಬರಬೇಕು ಅಂತ ಹಟ ಹಿಡಿದರು. ಜಾತಿ ಬಿಟ್ಟವನಿಗೆ ಕಸುಬೂ ಹೋಯಿತು, ಹೊಲವೂ ಹೋಯಿತು. "ದೇವರು ನೋಡ್ಕೋತಾನೆ ಹೋಗಪ್ಪ" ಅಂತ ಅವರು ಕೈ ತೊಳೆದುಕೊಳ್ಳಲಿಲ್ಲ, ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. 1844ರಲ್ಲಿ ಕ್ರೈಸ್ತನಾದ ಹರ್ಮನ್ ಆನಂದರಾವ್ ಕೌಂಡಿನ್ಯ ಅನ್ನೋ ಬ್ರಾಹ್ಮಣ ಯುವಕ, ಮೋಗ್ಲಿಂಗ್ ಜೊತೆ ನಿಂತದ್ದು ಯಾರ ಪಕ್ಕದಲ್ಲಿ? ಕೊಡಗಿನಲ್ಲಿ ಜೀತದಲ್ಲಿದ್ದ ಹೊಲೆಯರ ಪಕ್ಕದಲ್ಲಿ. ಅವರಿಗಾಗಿ ಎದ್ದ ಊರಿಗೆ ಅವನ ಹೆಸರೇ ಬಂತು, ಆನಂದಪುರ. ಆ ಮಿಷನ್ನಿನಲ್ಲೂ ದೊರೆತನ ಇತ್ತು, ಬಿಳಿಯರ ಗತ್ತು ಇತ್ತು, ಒಪ್ಪೋಣ. ಆದರೆ ಹಿಂಬಾಲಿಸೋದಕ್ಕೆ ಖರ್ಚು ಇದೆ, ಆ ಖರ್ಚನ್ನ ಸಭೆ ಹಂಚಿಕೊಳ್ಳಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಎರಡನೇ ಗೂಟ ಆಶೀರ್ವಾದದ ಅಂಗಡಿ.

ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ, ಬೆಂಗಳೂರು, ಎಲ್ಲಿ ಬೇಕಾದರೂ ನೋಡಿ. ಗೋಡೆ ಮೇಲೆ, ಆಟೋ ಹಿಂದೆ, ಫ್ಲೆಕ್ಸಿನಲ್ಲಿ ಕೋಟು ಹಾಕಿದ ಬೋಧಕನ ಆಳೆತ್ತರದ ಫೋಟೋ. ಯೇಸುವಿನ ಹೆಸರು ಒಂದು ಮೂಲೆಯಲ್ಲಿ, ಪ್ರಾಯೋಜಕರ ಹೆಸರಿನ ಥರ. ಸಾಲ ತೀರುತ್ತೆ, ಮಕ್ಕಳಾಗುತ್ತೆ, ವೀಸಾ ಬರುತ್ತೆ, ಮಾಟ ಬಿಡುತ್ತೆ. ಬರುವಾಗ ಎಣ್ಣೆ ಬಾಟಲಿ ತನ್ನಿ, ಹೋಗುವಾಗ ಕಾಣಿಕೆ ಕವರ್ ಕೊಟ್ಟು ಹೋಗಿ.

ಒಂದು ಸಣ್ಣ ಕೆಲಸ ಮಾಡಿ. ನಾಲ್ಕು ಸುವಾರ್ತೆಗಳನ್ನ ತೆಗೆದು, ಯೇಸು ಯಾರನ್ನಾದರೂ ವಾಸಿ ಮಾಡಿ ದುಡ್ಡು ತಗೊಂಡದ್ದು ಎಲ್ಲಿದೆ ತೋರಿಸಿ. ಹನ್ನೆರಡು ಜನರನ್ನ ಕಳಿಸುವಾಗ ಅವನು ಹೇಳಿದ್ದು, ಉಚಿತವಾಗಿ ಪಡೆದದ್ದನ್ನ ಉಚಿತವಾಗೇ ಕೊಡಿ, ಸೊಂಟದಲ್ಲಿ ಚೀಲ ಇಟ್ಟುಕೊಳ್ಳಬೇಡಿ ಅನ್ನೋ ಅರ್ಥದ ಮಾತು. ವಾಸಿಯಾದ ಕುಷ್ಠರೋಗಿಗೆ ಹೇಳಿದ್ದು ಯಾರಿಗೂ ಹೇಳಬೇಡ ಅಂತ. ನಮ್ಮ ಕೂಟಗಳಲ್ಲಿ ವಾಸಿಯಾದವನನ್ನ ವೇದಿಕೆಗೆ ಎಳೆದು, ಮೈಕ್ ಕೊಟ್ಟು, ವಿಡಿಯೋ ಮಾಡಿ, ರಾತ್ರಿಯೊಳಗೆ ಯೂಟ್ಯೂಬಿಗೆ ಹಾಕ್ತೀವಿ. ವಾಸಿಯಾಗದವಳ ಕಥೆ? ಅವಳಿಗೆ ನಂಬಿಕೆ ಸಾಲದು ಅಂತೀವಿ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು, ಟಿ.ಬಿ. ಮಾತ್ರೆ ಅರ್ಧಕ್ಕೆ ನಿಲ್ಲಿಸಿ, "ಪ್ರಾರ್ಥನೆ ಮೇಲೆ ಇದೀನಿ" ಅನ್ನೋ ಬಡವಿ ಸತ್ತರೆ ಆ ಪಾಪ ಯಾರ ಖಾತೆಗೆ? ಕಾಣಿಕೆ ಯಾರ ಖಾತೆಗೆ ಹೋಯಿತೋ ಅವರ ಖಾತೆಗೇ.

ಈ ಸೀಮೆಯ ಜನಕ್ಕೆ ಇದು ಅರ್ಥ ಆಗದ ವಿಷಯ ಅಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಹೇಳಿದ್ದು ದುಡಿದಷ್ಟೇ ಭಿಕ್ಷೆ ಸಲ್ಲುತ್ತೆ ಅಂತ. ಬರೀ ಹೇಳಲಿಲ್ಲ, ಕೆರೆ ಕಟ್ಟಿಸಿದರು ಅಂತ ಜನ ಇವತ್ತಿಗೂ ನೆನೀತಾರೆ. ಬರಗಾಲದ ಸೀಮೆಯಲ್ಲಿ ಶೇಂಗಾ ಬಿತ್ತಿ ಮುಗಿಲು ನೋಡೋ ರೈತನಿಗೆ, ರೇಷ್ಮೆ ಸೀರೆ ನೇಯ್ದು ತನ್ನ ಮಗಳಿಗೆ ಅಂಥದ್ದೊಂದು ಉಡಿಸೋಕಾಗದ ಮೊಳಕಾಲ್ಮೂರಿನ ನೇಕಾರನಿಗೆ, ದೈವದ ಮಾತು ಹೇಳೋನು ಮೊದಲು ಬೆವರಿನ ಮಾತು ಆಡಬೇಕು. ಸೂಟು ಹಾಕಿಕೊಂಡು ಬಂದು "ಬಿತ್ತನೆ ಕಾಣಿಕೆ ಕೊಡು, ನೂರು ಪಟ್ಟು ಬೆಳೀತೀಯ" ಅನ್ನೋನಿಗೆ ಆ ರೈತ ತಿರುಗಿ ಕೇಳಬೇಕು: ಸ್ವಾಮಿ, ಬಿತ್ತನೆ ಅಂದರೆ ಏನು ಅಂತ ನಿಮಗೆ ಗೊತ್ತಾ?

ಮೂರನೇ ಗೂಟ ಕುರ್ಚಿ ಮತ್ತು ಜಾಗ.

ಹಳೇ ಮಿಷನ್ನುಗಳು ಬಿಟ್ಟು ಹೋದ ಕಾಂಪೌಂಡುಗಳು ಈಗ ಊರ ನಡುವೆ ಬಂದಿವೆ, ಅಡಿಗೆ ಇಷ್ಟು ಸಾವಿರ ಅಂತ ಬೆಲೆ. ಅದಾದ ಮೇಲೆ ಚರ್ಚಿನ ಚುನಾವಣೆ ಪಂಚಾಯ್ತಿ ಚುನಾವಣೆಗಿಂತ ಬಿಸಿ. ಪ್ಯಾನೆಲ್ಲು, ಊಟ, ಓಟು, ಸ್ಟೇ ಆರ್ಡರು. ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದಾಗ ಜಗತ್ತಿನ ಕ್ರೈಸ್ತರೆಲ್ಲ ತಿರುಗಿ ನೋಡಿದರು. ಬೇರೆ ಬೇರೆ ಪಂಗಡದವರು ಜಗಳ ಬಿಟ್ಟು ಒಂದಾದರಲ್ಲ ಅಂತ. ಅದೇ ಸಭೆಯ ಚುನಾವಣೆ, ಆಡಳಿತದ ಜಗಳ ಈಚೆಗೆ ಮದ್ರಾಸ್ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಪೌಲ ಕೊರಿಂಥದವರಿಗೆ ಬರೆದದ್ದು ನೆನಪಿದೆಯಾ? ಅಣ್ಣತಮ್ಮಂದಿರು ಹೊರಗಿನವರ ಮುಂದೆ ವ್ಯಾಜ್ಯಕ್ಕೆ ನಿಲ್ಲೋದೇ ನಿಮ್ಮ ಸೋಲು, ಅದಕ್ಕಿಂತ ನಷ್ಟ ಆದರೆ ಆಗಲಿ ಅಂತ ಬಿಡಬಾರದಾ ಅಂತ ಕೇಳ್ತಾನೆ. ಪೌಲನ ಆ ಪತ್ರವನ್ನ ಓದೋರು, ಓದಿ ಮುಗಿಸಿ ವಕೀಲರಿಗೆ ಫೋನ್ ಮಾಡೋರು, ಇಬ್ಬರೂ ಒಬ್ಬರೇ.

ಕೋರ್ಟಿಗೆ ಹೋಗೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಕಳ್ಳತನ ಆದಾಗ, ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಆದಾಗ ಕೋರ್ಟಿಗೆ ಹೋಗದೆ ಒಳಗೊಳಗೇ ಮುಚ್ಚಿ ಹಾಕೋದು ಇನ್ನೂ ದೊಡ್ಡ ಪಾಪ. ನನ್ನ ತಕರಾರು, ಕುರ್ಚಿಗಾಗಿ ಕೋರ್ಟು, ಅನ್ಯಾಯಕ್ಕೆ ಮೌನ ಅನ್ನೋ ಈ ತಿರುವುಮುರುವಿನ ಬಗ್ಗೆ. ಹಿಂದಿನ ರಾತ್ರಿ ಟವೆಲ್ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದವನ ಹೆಸರಲ್ಲಿ, ಶುಭ ಶುಕ್ರವಾರದ ಹಿಂದಿನ ದಿನ ಹನ್ನೆರಡು ಜನರ ಕಾಲಿಗೆ ನೀರು ಹಾಕ್ತೀವಿ. ಆ ಹನ್ನೆರಡು ಕಾಲುಗಳು ಮನೆಯಿಂದಲೇ ಸೋಪು ಹಾಕಿ ತೊಳೆದುಕೊಂಡು ಬಂದಿರುತ್ತವೆ.

ಇಷ್ಟು ಹೇಳೋ ಹೊತ್ತಿಗೆ ಕೆಲವರು ಎದ್ದು ನಿಲ್ತಾರೆ. "ಇದನ್ನೆಲ್ಲ ಈಗ ಹೇಳಬೇಕಾ? ನಮ್ಮ ಮೇಲೇ ದಾಳಿ ಆಗ್ತಿರುವಾಗ ಮನೆ ಗುಟ್ಟು ಬೀದಿಗೆ ಹಾಕಬೇಕಾ?"

ದಾಳಿ ಸುಳ್ಳಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. 2021ರಲ್ಲಿ ನಮ್ಮದೇ ಜಿಲ್ಲೆಯ ಹೊಸದುರ್ಗದ ಆಗಿನ ಶಾಸಕರು ವಿಧಾನಸಭೆಯಲ್ಲಿ ಎದ್ದು, ತಮ್ಮ ಕ್ಷೇತ್ರದಲ್ಲಿ ಮತಾಂತರ ಜೋರಾಗಿದೆ ಅಂದರು. ಅದೇ ವರ್ಷದ ಕೊನೆಗೆ ವಿಧಾನಸಭೆ ಮತಾಂತರ ತಡೆ ಮಸೂದೆ ಪಾಸು ಮಾಡಿತು, 2022ರಲ್ಲಿ ಅದು ಕಾಯ್ದೆ ಆಯಿತು. ಧರ್ಮ ಬದಲಿಸೋನು 30 ದಿನ ಮುಂಚೆ ಅಧಿಕಾರಿಗೆ ತಿಳಿಸಬೇಕು, ದಲಿತರನ್ನ, ಹೆಣ್ಣುಮಕ್ಕಳನ್ನ ಅಕ್ರಮವಾಗಿ ಮತಾಂತರ ಮಾಡಿದರೆ 10 ವರ್ಷದ ತನಕ ಜೈಲು, ಆರೋಪ ಸುಳ್ಳು ಅಂತ ಸಾಬೀತು ಮಾಡೋ ಹೊಣೆ ಆರೋಪ ಹೊತ್ತವನದ್ದೇ. ದಲಿತನಿಗೆ, ಹೆಂಗಸಿಗೆ ಸ್ವಂತ ಬುದ್ಧಿ ಇಲ್ಲ ಅಂತ ಬರೆದಿಟ್ಟ ಕಾನೂನು ಅದು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನ ರದ್ದು ಮಾಡೋ ತೀರ್ಮಾನ ಮಾಡಿದ್ದು ಸರಿಯಾದ ಕೆಲಸ.

ಆದರೆ ಆ ಕಾನೂನಿನ ಮುಖ್ಯ ಪದ ಯಾವುದು? ಆಮಿಷ. ಅದಕ್ಕೆ ನಾವು ಕೊಟ್ಟ ಉತ್ತರ, "ನಾವು ಆಮಿಷ ಒಡ್ಡೋದಿಲ್ಲ, ನಾವು ಯೇಸುವನ್ನ ಮಾತ್ರ ಸಾರ್ತೀವಿ." ಸರಿ. ಹಾಗಾದರೆ ಆ ಫ್ಲೆಕ್ಸಿನಲ್ಲಿ ಬರೆದದ್ದು ಏನು ಸ್ವಾಮಿ? ಕೆಲಸ ಸಿಗುತ್ತೆ, ಸಾಲ ತೀರುತ್ತೆ, ವೀಸಾ ಬರುತ್ತೆ. ಆಮಿಷ ಅಂದರೆ ಅದಲ್ಲದೆ ಇನ್ನೇನು? ನಮ್ಮ ಶತ್ರುಗಳು ಹೊರಿಸೋ ಆರೋಪಕ್ಕೆ ನಾವೇ ದೊಡ್ಡ ಅಕ್ಷರದಲ್ಲಿ ಸಾಕ್ಷಿ ಬರೆದು ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದೀವಿ. ಯೇಸು ಜನರನ್ನ ಕರೆದದ್ದು ಹೇಗೆ? ನನ್ನ ಹಿಂದೆ ಬರೋನು ದಿನವೂ ತನ್ನ ಶಿಲುಬೆ ಹೊರಬೇಕು ಅಂತ. ನರಿಗೆ ಗುದ್ದು ಇದೆ, ಹಕ್ಕಿಗೆ ಗೂಡು ಇದೆ, ನನಗೆ ತಲೆ ಇಡೋಕೆ ಜಾಗ ಇಲ್ಲ ಅಂತ ಮೊದಲೇ ಹೇಳಿದ. ಶ್ರೀಮಂತ ಹುಡುಗ ಓಡಿ ಬಂದು ಮಂಡಿಯೂರಿದಾಗ, ಇದ್ದದ್ದನ್ನ ಮಾರಿ ಬಡವರಿಗೆ ಕೊಟ್ಟು ಬಾ ಅಂದ. ಹುಡುಗ ಮುಖ ಸಣ್ಣ ಮಾಡಿಕೊಂಡು ಹೋದ. ಯೇಸು ಹಿಂದಿಂದ ಓಡಿ ಹೋಗಿ ರಿಯಾಯಿತಿ ಕೊಡಲಿಲ್ಲ. ಇಂಥ ಕರೆಯಲ್ಲಿ ಆಮಿಷ ಹುಡುಕೋಕೆ ಯಾವ ಪೊಲೀಸನಿಗೂ ಆಗಲ್ಲ. ಅಂದರೆ ನಿಷ್ಠೆಯಿಂದ ಹಿಂಬಾಲಿಸೋದೇ ನಮಗಿರೋ ಒಳ್ಳೇ ವಕಾಲತ್ತು. ಅದನ್ನ ಬಿಟ್ಟು ಬೇರೆಲ್ಲ ವಕೀಲರನ್ನ ಹಿಡಿದಿದೀವಿ.

ಇನ್ನೊಂದು ತಕರಾರು ಬರುತ್ತೆ. "ಎಲ್ಲ ಧರ್ಮದಲ್ಲೂ ಹುಳುಕಿದೆ, ನಮ್ಮದೊಂದೇ ಯಾಕೆ?" ಯಾಕಂದರೆ ಇದು ನಮ್ಮದು. ಪಕ್ಕದ ಮನೆ ಸೂರು ಸೋರಿದರೆ ನಮ್ಮ ಮನೆ ಒಣಗುತ್ತಾ?

ಹಾಗಾದರೆ ಏನು ಮಾಡಬೇಕು? ಉಪದೇಶ ಸಾಕು, ಕೆಲಸ ಹೇಳ್ತೀನಿ. ವರ್ಷಕ್ಕೊಮ್ಮೆ ಕಾಣಿಕೆಯ ಲೆಕ್ಕವನ್ನ ಕಮಿಟಿ ಕೋಣೆಯಲ್ಲಲ್ಲ, ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ಗಟ್ಟಿಯಾಗಿ ಓದಿ. ಪಾಸ್ಟರ ಸಂಬಳ, ಕಾರಿನ ಪೆಟ್ರೋಲು, ಬಡವರಿಗೆ ಹೋದದ್ದು, ಮೂರನ್ನೂ ಒಂದರ ಕೆಳಗೆ ಒಂದು. ಸಭೆಯ ಸ್ಮಶಾನ ಒಂದೇ ಇರಲಿ, ಅದರಲ್ಲಿ ಸಾಲು ಸತ್ತ ದಿನದ ಪ್ರಕಾರ ಇರಲಿ. ಮದುವೆ ಮಾತಿನಲ್ಲಿ "ಮೊದಲು ಯಾರು" ಅಂತ ಕೇಳಿದ ಮನೆಗೆ ಸಭಾಪಾಲಕರು ಹೋಗಿ ಕೂತು ಮಾತಾಡಲಿ, ಮದುವೆ ಊಟಕ್ಕೆ ಮಾತ್ರ ಹೋಗೋದು ಬೇಡ. ಪ್ರಾರ್ಥನೆಗೆ ಬಂದ ರೋಗಿಗೆ ಪ್ರಾರ್ಥನೆ ಮಾಡಿ, ಆಮೇಲೆ ಮಾತ್ರೆ ತಗೊಂಡೆಯಾ ತಾಯಿ ಅಂತ ಕೇಳಿ, ಇಲ್ಲ ಅಂದರೆ ತಾಲ್ಲೂಕು ಆಸ್ಪತ್ರೆಗೆ ಜೊತೆಗೆ ಹೋಗಿ. ಮಳೆ ಕೈಕೊಟ್ಟು ಗಂಡ ಹೆಂಡತಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದಾಗ ಊರಲ್ಲಿ ಉಳಿದ ಮುದುಕಿಯ ಬಾಗಿಲನ್ನ ವಾರಕ್ಕೊಮ್ಮೆ ತಟ್ಟಿ. ಆಕೆ ಯಾವ ದೇವರಿಗೆ ಕೈ ಮುಗೀತಾಳೆ ಅಂತ ಕೇಳಬೇಡಿ, ಲೆಕ್ಕಕ್ಕೆ ಬರೆದುಕೊಳ್ಳಲೂ ಬೇಡಿ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು ಅಂತ ಮತ್ತಾಯನ ಸುವಾರ್ತೆಯಲ್ಲಿ ಕೊನೆಯ ತೀರ್ಪಿನ ಪಟ್ಟಿ ಇದೆಯಲ್ಲ, ಅದರಲ್ಲಿ ಎಷ್ಟು ಜನಕ್ಕೆ ದೀಕ್ಷಾಸ್ನಾನ ಕೊಟ್ಟಿರಿ ಅನ್ನೋ ಕಾಲಂ ಇಲ್ಲ.

ಇದರಲ್ಲಿ ಯಾವುದಕ್ಕೂ ದೊಡ್ಡವರ ಅಪ್ಪಣೆ ಬೇಕಿಲ್ಲ. ಬಿಷಪ್ಪರು ಸರಿಯಾಗಲಿ, ಸಿನೆಡ್ ಸರಿಯಾಗಲಿ, ಆಮೇಲೆ ನಾವು ಅಂತ ಕಾಯೋದೂ ಒಂದು ಸೋಗಲಾಡಿತನವೇ. ಯಾಕೋಬ ತನ್ನ ಪತ್ರದಲ್ಲಿ, ಚಿನ್ನದುಂಗುರದವನನ್ನ ಮುಂದಿನ ಕುರ್ಚಿಗೆ ಕರೆದು ಹರಕು ಬಟ್ಟೆಯವನನ್ನ ನೆಲಕ್ಕೆ ಕೂರಿಸೋ ಸಭೆಯನ್ನ ಬೈದಾಗ, ಅವನು ಬೈದದ್ದು ಬಿಷಪ್ಪರನ್ನಲ್ಲ. ಬಾಗಿಲಲ್ಲಿ ನಿಂತು "ಇಲ್ಲಿ ಬನ್ನಿ, ಅಲ್ಲಿ ಕೂತ್ಕೋ" ಅಂತಿದ್ದ ನಮ್ಮ ನಿಮ್ಮಂಥವರನ್ನ.

ಜಟಿಂಗ ಅನ್ನೋ ಹೆಸರು ಜಟಾಯುವಿನಿಂದ ಬಂತು ಅಂತಾರೆ ಈ ಕಡೆ ಜನ. ರಾವಣನಿಗೆ ಅಡ್ಡ ಬಂದು, ರೆಕ್ಕೆ ಕತ್ತರಿಸಿಕೊಂಡು ಬಿದ್ದ ಮುದಿ ಹಕ್ಕಿ. ಗೆದ್ದವನ ಹೆಸರಿನ ಬೆಟ್ಟ ಅಲ್ಲ ಅದು, ಸೋತವನದು. ಸೀತೆಯನ್ನ ಬಿಡಿಸೋಕೆ ಅವನ ಕೈಲಿ ಆಗಲಿಲ್ಲ, ಆದರೂ ಕಣ್ಣೆದುರು ನಡೆದದ್ದನ್ನ ನೋಡಿ ಸುಮ್ಮನೆ ಕೂರಲಿಲ್ಲ. ಅದಕ್ಕೇ ಊರು ಅವನನ್ನ ಮರೆತಿಲ್ಲ. ನಮ್ಮ ಅಕ್ಕಪಕ್ಕದ ಹಿಂದೂಗಳಿಗೆ ಗೊತ್ತಿರೋ ಈ ಸಂಗತಿ, ಶಿಲುಬೆ ಕತ್ತಿಗೆ ಕಟ್ಟಿಕೊಂಡ ನಮಗೆ ಯಾಕೆ ತಿಳೀತಿಲ್ಲ? ಸಭೆ ದೊಡ್ಡದಾಗಬೇಕು, ಗೆಲ್ಲಬೇಕು, ಎಲ್.ಇ.ಡಿ. ಪರದೆ ಬರಬೇಕು, ಮಂತ್ರಿ ಕ್ರಿಸ್ಮಸ್ಸಿಗೆ ಬರಬೇಕು ಅಂತ ಹಂಬಲಿಸ್ತೀವಲ್ಲ, ನಾವು ಹಿಂಬಾಲಿಸ್ತಿರೋದು ಯಾರನ್ನ? ಊರ ಹೊರಗೆ, ಇಬ್ಬರು ಕಳ್ಳರ ನಡುವೆ ಸತ್ತವನನ್ನಂತೂ ಅಲ್ಲ.

ಬಂಡೆಯ ಮೇಲೆ ಸವೆದ ಅಕ್ಷರವನ್ನ ಮತ್ತೆ ಕೊರೆಯೋಕೆ ಬರಲ್ಲ. ನಮ್ಮ ಪುಸ್ತಕದ ಅಕ್ಷರ ಸವೆದಿಲ್ಲ, ಮನೆ ಮನೆಯಲ್ಲಿದೆ, ಫೋನಿನಲ್ಲೂ ಇದೆ. ಮೇಲಿನ ಗೂಟ ಕಿತ್ತರೆ ಸಾಕು, ಓದೋಕೆ ಸಿಗುತ್ತೆ. ಈ ಭಾನುವಾರ ಲೆಕ್ಕದ ಪುಸ್ತಕ ಕೇಳಿ. ಮೊದಲ ಗೂಟ ಅಲ್ಲಿಂದಲೇ ಅಲ್ಲಾಡಲಿ.